ಉಪ್ಪು ನೋಡದ ದೊಡ್ಡವ್ವ

೧೯೬೨ನೇ ಇಸವಿ, ಜನವರಿ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಹುಬ್ಬಳ್ಳಿಯ ಊರ ಹೊರಗಿದ್ದ ಕ್ಷಯರೋಗದ ಆಸ್ಪತ್ರೆಯ ಹೆಂಗಸರ ವಾರ್ಡು. ಹಾಜರಿದ್ದವರು: ಹದಿನಾಲ್ಕು ಮಂದಿ ರೋಗಿಗಳು, ಅಡುಗೆಯ ದೊಡ್ಡವ್ವ, ಮತ್ತು ವಾರ್ಡಿನ ಹೊಣೆ ಹೊತ್ತಿದ್ದ ನರ್ಸಾದ ನಾನು. ದೊಡ್ಡವ್ವನ ಕೈಯಲ್ಲಿ ಖಂಡದ ಸಾರಿನ ದೊಡ್ಡ ಪಾತ್ರೆ ಇತ್ತು. ಕುರಿಯ ಒಣಗಿಸಿದ ಮಾಂಸದ ಸಾರು. ಆ ಸಾರನ್ನು ಅದುವರೆಗೆ ಯಾರೂ ನಾಲಿಗೆಗೆ ಹಚ್ಚಿ ನೋಡಿರಲಿಲ್ಲ. ಹಾಗೆ ಯಾರೂ ನೋಡಕೂಡದೆಂದು ಆಜ್ಞೆ ಮಾಡಿದವಳು ನಾನು.

ಇದಾಗಿ ಎಷ್ಟೋ ವರ್ಷಗಳಾದ ಮೇಲೆ, ಹೋದ ತಿಂಗಳು, ದೊಡ್ಡವ್ವನ ತಮ್ಮನ ಮಗ ಒಂದು ಕಾರ್ಡು ಬರೆದಿದ್ದ. ದೊಡ್ಡವ್ವ ತೀರಿಕೊಂಡರಂತೆ. ತೊಂಬತ್ತು ದಾಟಿತ್ತಂತೆ. ಕೊನೆಯವರೆಗೂ ಬಂದವರನ್ನೆಲ್ಲ 'ನಿಮ್ಮ ಮನ್ಯಾಗ ಇವತ್ತ ಏನ ಮಾಡ್ಯಾರ?' ಎಂದು ಕೇಳುತ್ತಿದ್ದರಂತೆ. ಕಾರ್ಡು ಓದಿ ಎದ್ದು ನನ್ನ ನಿತ್ಯದ ಕೆಲಸ ಮುಗಿಸಿದೆ. ಮಧ್ಯಾಹ್ನ ಎರಡಕ್ಕೆ ಕುಳಿತಾಗ ಆ ಭಾನುವಾರ ನೆನಪಿಗೆ ಬಂತು. ಅದನ್ನು ಕ್ರಮವಾಗಿ ಬರೆದಿಡಬೇಕೆನಿಸಿತು.

ನಾನು ಅಮ್ಮಿನಬಾವಿಯ ರೈತರ ಮನೆಯವಳು. ನಮ್ಮ ಮನೆಯಲ್ಲಿ ತತ್ತಿ ಕೂಡ ಹೊಸ್ತಿಲು ದಾಟುತ್ತಿರಲಿಲ್ಲ. ನರ್ಸಿಂಗ್ ಶಾಲೆಯಲ್ಲಿ ಕಲಿತದ್ದು ಮೂರು ವರ್ಷ. ಐದೂವರೆಗೆ ಏಳುವುದು, ಆರಕ್ಕೆ ಜ್ವರ ನೋಡುವುದು, ಹಾಸಿಗೆಯ ಚಾದರದ ಮೂಲೆ ಇಂಥದೇ ಕೋನದಲ್ಲಿ ಮಡಚುವುದು. ಆ ಶಿಸ್ತು ನನಗೆ ಹಿತವಾಗಿತ್ತು, ಈಗಲೂ ಹಿತವಾಗಿದೆ. ಇಪ್ಪತ್ತೇಳನೆಯ ವಯಸ್ಸಿಗೆ ಈ ವಾರ್ಡು ನನ್ನ ಕೈಗೆ ಬಂದಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಪ್ರತಿ ಹಾಸಿಗೆಗೂ ಪ್ರತಿ ಬಟ್ಟಲಿಗೂ ನಂಬರು ಬರೆಸಿದ್ದು. ರೋಗಿಗಳನ್ನು ನಾನು ನಂಬರಿನಿಂದಲೇ ಗುರುತಿಸುತ್ತಿದ್ದೆ.

ದೊಡ್ಡವ್ವ ಊಟದಿಂದ ಗುರುತಿಸುತ್ತಿದ್ದರು. ಹೊಸ ರೋಗಿ ಬಂದರೆ ಹೆಸರು, ಊರು ಕೇಳುವ ಮೊದಲೇ ಹಾಸಿಗೆಯ ಅಂಚಿಗೆ ನಿಂತು, "ಯವ್ವಾ, ನಿನಗ ಭಾಳ ಸೇರೂದು ಯಾವ್ದು? ನಿಮ್ಮ ಮನ್ಯಾಗ ಅದನ್ನ ಹೆಂಗ ಮಾಡ್ತಾರ?" ಎನ್ನುವರು. ಹೆಂಗಸು ಬಿಕ್ಕುತ್ತಿದ್ದರೂ ಸರಿ, ಕೆಮ್ಮುತ್ತಿದ್ದರೂ ಸರಿ, ಈ ಪ್ರಶ್ನೆಗೆ ಉತ್ತರ ಬರುತ್ತಿತ್ತು. ಒಗ್ಗರಣೆಗೆ ಬಳ್ಳೊಳ್ಳಿ ಜಜ್ಜಿ ಹಾಕುವುದೋ ಹೆಚ್ಚಿ ಹಾಕುವುದೋ ಎಂಬಲ್ಲಿಗೆ ಬರುವ ಹೊತ್ತಿಗೆ ಅಳು ನಿಂತಿರುತ್ತಿತ್ತು. ಆಮೇಲೆ ಆಕೆ ವಾರ್ಡಿನಲ್ಲಿರುವ ತನಕ 'ಎಣ್ಣೆಗಾಯಿ ಹೆಣಮಗಳು', 'ಕಡಬಿನಾಕಿ', 'ತಲಿಕಾಲ ಸಾರಿನಾಕಿ'. ನಾನು "ನಾಲ್ಕನೇ ನಂಬರಿಗೆ ಹಾಲು ಬೇಡ" ಎಂದರೆ, "ಯಾರು, ಕಡಬಿನಾಕೀಗೇನ್ರಿ?" ಎಂದು ತಿರುಗಿ ಕೇಳಿ ಖಾತ್ರಿ ಮಾಡಿಕೊಳ್ಳುವರು.

ಭಾನುವಾರ ಒಬ್ಬ ರೋಗಿಯ ಮನೆಯ ಊಟವನ್ನು ಇಡೀ ವಾರ್ಡಿಗೆ ಮಾಡುವುದು ಅವರು ಹಾಕಿದ ಪದ್ಧತಿ. ನನಗಿಂತ ಮೊದಲಿನಿಂದ ನಡೆದು ಬಂದಿತ್ತು. ಒಂದು ವಾರ ಝುಣಕ ಮತ್ತು ಥಾಲಿಪೆಟ್ಟು, ಇನ್ನೊಂದು ವಾರ ಮೆಂತ್ಯದ ಸೊಪ್ಪಿನ ಖೈಮಾ. ಮಾಂಸ ತಿನ್ನುವವರಿಗೊಂದು ಪಾತ್ರೆ, ತಿನ್ನದವರಿಗೊಂದು. ರೊಟ್ಟಿ ಮಾತ್ರ ಎಲ್ಲರಿಗೂ ಒಂದೇ ಬುಟ್ಟಿಯಿಂದ.

ಇದರಲ್ಲಿ ವಿಚಿತ್ರವೇನೆಂದರೆ, ದೊಡ್ಡವ್ವ ಜನ್ಮದಲ್ಲಿ ಮಾಂಸ ತಿಂದವರಲ್ಲ. ನಮ್ಮಂಥದೇ ಮನೆತನದ ವಿಧವೆ. ಗಂಡನಿಗೆ ಇದೇ ರೋಗವಾಗಿ ಇದೇ ಆಸ್ಪತ್ರೆಗೆ ಬಂದಾಗ ಅವನಿಗೆ ರೊಟ್ಟಿ ಬಡಿದು ಕೊಡಲು ಜೊತೆಗೆ ಬಂದಿದ್ದರು. ಅವನು ಉಳಿಯಲಿಲ್ಲ, ಇವರು ಉಳಿದರು. ಮಾಂಸದ ಅಡುಗೆಯವನು ರೋಗಕ್ಕೆ ಹೆದರಿ ಕೆಲಸ ಬಿಟ್ಟು ಹೋದಾಗ, ರೋಗಿಗಳಿಗೆ ಖಂಡದ ಸಾರು ಕೊಡಲೇಬೇಕೆಂದು ಡಾಕ್ಟರು ಹಟ ಹಿಡಿದಿದ್ದಾಗ, "ನಾ ಮಾಡ್ತೇನಿ, ಯಾರರ ಹೇಳಿ ಕೊಡ್ರಿ" ಎಂದರಂತೆ. ನಾನೊಮ್ಮೆ ಕೇಳಿದೆ.

"ದೊಡ್ಡವ್ವಾರ, ನಿಮಗ ಹೇಸಿಗಿ ಬರೂದಿಲ್ಲೇನ್ರಿ?"

"ಮೊದಲ ಬರತಿತ್ತರಿ. ನೀವು ಕೆಂಪು ಔಷಧ ಕಲಸಿ ಕೊಡತೀರಿ, ಅದನ್ನ ಕುಡದ ನೋಡತೀರೇನು? ಇದೂ ಹಂಗ."

ಅವರ ತಮ್ಮನ ಮನೆಯಲ್ಲಿ ಈ ಹೋಲಿಕೆ ನಡೆಯಲಿಲ್ಲ. ಹಬ್ಬಕ್ಕೆ ಹೋದರೆ ಹೊರಗಿನ ಕಟ್ಟೆಯ ಮೇಲೆ ಎಲೆ ಹಾಕುತ್ತಿದ್ದರು. ಅದನ್ನೂ ಅವರು ದೂರಿನಂತೆ ಹೇಳಲಿಲ್ಲ. "ಕಟ್ಟಿ ಮ್ಯಾಲೆ ಗಾಳಿ ಛಲೋ ಬರ್ತೈತ್ರಿ" ಎಂದಷ್ಟೇ ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡರು. ಆಸ್ಪತ್ರೆಯಲ್ಲಿಯೂ ತಮ್ಮ ಊಟವನ್ನು ಮೂಲೆಯ ಬೇರೆ ಒಲೆಯ ಮೇಲೆ ಮಾಡಿಕೊಂಡು, ಎಲ್ಲರದೂ ಮುಗಿದ ಮೇಲೆ, ಗೋಡೆಗೆ ಬೆನ್ನು ಹಚ್ಚಿ ಒಂದು ರೊಟ್ಟಿ, ಒಂದು ಚಿಟಿಕೆ ಶೇಂಗಾ ಹಿಂಡಿ ತಿನ್ನುವರು.

ತಿನ್ನದ ಅಡುಗೆಯನ್ನು ಅವರು ಕಿವಿ ಮೂಗುಗಳಿಂದ ಮಾಡುತ್ತಿದ್ದರು. ಕುದಿಯುವ ಪಾತ್ರೆಯ ಹತ್ತಿರ ಕಿವಿ ತಂದು, "ಇನ್ನ ಬಿರಸ ಐತಿ, ಎಲುಬು ಸಪ್ಪಳಾ ಮಾಡಾಕತ್ತಾವು" ಎನ್ನುವರು. ವಾಸನೆ ಹೇಗಿರಬೇಕೆಂದು ರೋಗಿಗಳನ್ನೇ ಕೇಳುವರು. ದುರ್ಗದಬೈಲಿನ ಹಿಂದಿನ ಓಣಿಯಿಂದ ಬಂದ ಒಬ್ಬ ಹೆಂಗಸಿದ್ದಳು. ಗಂಡ ಬಳೆಗಾರ. ಒಂಬತ್ತನೇ ಹಾಸಿಗೆ. ಅವಳನ್ನು ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಖೈಮಾ ಮಾಡುವ ದಿನ ದೊಡ್ಡವ್ವ ವಾರ್ಡಿನ ಬಾಗಿಲಿಗೆ ಬಂದು ಕೂಗಿದರು.

"ಖಾಲಾ, ಮಸಾಲಿ ವಾಸನಿ ಹೆಂಗ ಬರಬೇಕವಾ?"

"ಶಾದಿ ಮನಿ ಮುಂದ ಹಾದ ಹೋದಂಗ ಬರಬೇಕು ದೊಡ್ಡವ್ವ!"

"ಈಗ ಬರಾಕತ್ತೇತೇನು?"

ಖಾಲಾ ಕಣ್ಣು ಮುಚ್ಚಿ ಉಸಿರೆಳೆದಳು. "ಇನ್ನ ಬೀಗರ ಬಂದಿಲ್ಲ. ಹತ್ತ ನಿಮಿಷ ಬಿಡ್ರಿ."

ಆದರೆ ಉಪ್ಪಿಗೆ ಸಪ್ಪಳವೂ ಇಲ್ಲ, ವಾಸನೆಯೂ ಇಲ್ಲ. ಅದಕ್ಕೆ ನಾಲಿಗೆಯೇ ಬೇಕು. ದೊಡ್ಡವ್ವ ಆ ನಾಲಿಗೆಯನ್ನು ವಾರ್ಡಿನಿಂದ ಎರವಲು ತರುತ್ತಿದ್ದರು. ದಿನಾ ಹತ್ತೂವರೆಗೆ ಒಂದು ಬಟ್ಟಲಲ್ಲಿ ಸಾರು ತೆಗೆದುಕೊಂಡು ಒಬ್ಬ ರೋಗಿಯ ಹತ್ತಿರ ಹೋಗಿ, "ಉಪ್ಪ ನೋಡಬೇ, ನನಗ ಗೊತ್ತಾಗೂದಿಲ್ಲ" ಎನ್ನುವರು. ಯಾರ ಹತ್ತಿರ ಹೋಗುತ್ತಿದ್ದರೆಂಬುದನ್ನು ನಾನು ಆಗ ಗಮನಿಸಲಿಲ್ಲ. ವಾರ್ಡಿನಲ್ಲಿ ಎಲ್ಲರಿಗಿಂತ ಕಡಿಮೆ ಉಣ್ಣುವವಳು ಯಾರೋ ಅವಳ ಹತ್ತಿರ.

ಆ ಚಳಿಗಾಲದಲ್ಲಿ ಅವಳು ಹನ್ನೊಂದನೇ ಹಾಸಿಗೆಯವಳು. ಧಾರವಾಡದಾಚೆಯ ಒಂದು ಹಳ್ಳಿಯ ಕನ್ನಡ ಶಾಲೆಯ ಶಿಕ್ಷಕಿ. ಮೂವತ್ತರ ಒಳಗಿನ ವಯಸ್ಸು. ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಅವರ ಮನೆಯವರು ಕೆಲವು ವರ್ಷಗಳ ಹಿಂದೆ ಬೌದ್ಧರಾಗಿದ್ದರು. ದಾಖಲು ಮಾಡಿಕೊಳ್ಳುವಾಗ ನಾನು ಜಾತಿ-ಧರ್ಮದ ಕಾಲಮಿಗೆ ಬಂದು ಲೇಖನಿ ನಿಲ್ಲಿಸಿದ್ದಕ್ಕೆ, "ಬೌದ್ಧ ಅಂತ ಬರೀರಿ ಸಿಸ್ಟರ. ಕಾಗುಣಿತ ನಾ ಹೇಳಲೇನು?" ಎಂದಿದ್ದರು. ಅಷ್ಟು ಚೂಟಿಯಾದ ಹೆಣ್ಣುಮಗಳು. ಆದರೆ ಆ ಕಾಲದ ಗುಳಿಗೆಗಳು ದಿನಕ್ಕೆ ಒಂದು ಬೊಗಸೆ. ರೋಗವನ್ನು ಕೊಲ್ಲುವ ಮೊದಲು ಹಸಿವನ್ನು ಕೊಲ್ಲುತ್ತಿದ್ದವು. ಅಕ್ಕೋರು ತಟ್ಟೆ ಕಂಡರೆ ಗೋಡೆಯ ಕಡೆಗೆ ಹೊರಳುತ್ತಿದ್ದರು.

ಉಪ್ಪು ನೋಡುವ ಕೆಲಸಕ್ಕೆ ಮಾತ್ರ ಎದ್ದು ಕೂರುತ್ತಿದ್ದರು. ಮಕ್ಕಳ ಪಾಟಿ ತಿದ್ದುವವರಂತೆ ಹುಬ್ಬು ಗಂಟಿಕ್ಕಿ, ಒಂದು ಗುಟುಕು ಕುಡಿದು, "ಇಷ್ಟ ಸಾಲೂದಿಲ್ಲ" ಎನ್ನುವರು. ದೊಡ್ಡವ್ವ ಹೋಗಿ ಉಪ್ಪು ಹಾಕಿ ಮತ್ತೆ ತರುವರು. ಮತ್ತೊಂದು ಗುಟುಕು. "ಮಸಾಲಿ ಮೈಗೆ ಹತ್ತಿಲ್ಲ." ಮೂರನೆಯ ಸಲ ಬಟ್ಟಲಿನ ಜೊತೆಗೆ ಅರ್ಧ ರೊಟ್ಟಿಯೂ ಬರುತ್ತಿತ್ತು. "ರೊಟ್ಟಿ ಸಂಗಟ ಹೆಂಗಾಗ್ತೈತಿ ನೋಡ್ರಿ ಅಕ್ಕೋರ." ಊಟದ ಗಂಟೆ ಬಾರಿಸುವ ಮೊದಲೇ ಒಂದು ಊಟ ಹೊಟ್ಟೆಗೆ ಹೋಗಿರುತ್ತಿತ್ತು.

ನಾನು ಕಂಡದ್ದು ಬೇರೆ. ರೋಗಿಯ ಬಾಯಿಗೆ ಮುಟ್ಟಿದ ಬಟ್ಟಲು ಮೂರು ಸಲ ಅಡುಗೆಮನೆಗೆ ಹೋಗಿ ಬರುವುದನ್ನು ಕಂಡೆ. ಅದೂ ಕಫದಲ್ಲಿ ರೋಗಾಣು ಇದ್ದ ರೋಗಿ. ಅದು ತಪ್ಪು. ಇಂದು ಕೇಳಿದರೂ ತಪ್ಪೆಂದೇ ಹೇಳುತ್ತೇನೆ. ಆದರೆ ಬಟ್ಟಲನ್ನು ತಿದ್ದುವುದಕ್ಕೆ ಹೋಗಿ ನಾನು ಪದ್ಧತಿಯನ್ನೇ ಕಿತ್ತು ಹಾಕಿದೆ.

"ಇನ್ನ ಮುಂದ ಯಾವ ರೋಗಿನೂ ಉಪ್ಪ ನೋಡಬಾರದ್ರಿ ದೊಡ್ಡವ್ವಾರ. ಉಪ್ಪು ನಾ ತೂಗಿ ಕೊಡತೇನಿ" ಎಂದೆ.

ಔಷಧದ ತಕ್ಕಡಿಯಲ್ಲಿ ತೂಗಿ, ದಿನಕ್ಕೊಂದು ಕಾಗದದ ಪುಡಿಕೆ ಕಟ್ಟಿ, ಮೊದಲನೆಯದರ ಮೇಲೆ 'ಸಾರು, ಭಾನುವಾರ' ಎಂದು ಬರೆದು ಕೊಟ್ಟೆ. ಪಾತ್ರೆಯ ನೀರಿನ ಅಳತೆಗೆ ಲೆಕ್ಕ ಸರಿಯಾಗಿತ್ತು. ದೊಡ್ಡವ್ವ ಪುಡಿಕೆಯನ್ನು ಎರಡೂ ಕೈಯಿಂದ ತೆಗೆದುಕೊಂಡು ಒಮ್ಮೆ ಮೂಸಿ ನೋಡಿದರು.

"ಆತ್ರೀ ಸಿಸ್ಟರ."

ವಾದ ಮಾಡಲಿಲ್ಲ. ಮಾಡಿದ್ದರೆ ನಾನು ಕೇಳುತ್ತಿದ್ದೆನೆಂದು ಹೇಳಲಾರೆ.

ಎರಡು ಭಾನುವಾರ ಹೋದವು. ಯಾರೂ ಉಪ್ಪಿನ ದೂರು ಹೇಳಲಿಲ್ಲ. ನನಗೆ ಸಮಾಧಾನವಾಗಿತ್ತು. ಸೋಮವಾರದ ತೂಕದಲ್ಲಿ ಹನ್ನೊಂದನೇ ಹಾಸಿಗೆಯದು ಮಾತ್ರ ಇಳಿಯುತ್ತ ಬಂತು. ಎರಡನೆಯ ಸೋಮವಾರ ದೊಡ್ಡ ಡಾಕ್ಟರು ತೂಕದ ತಕ್ತೆ ನೋಡಿ, ನನ್ನನ್ನು ವರಾಂಡಕ್ಕೆ ಕರೆದರು.

"ತೂಕ ಇನ್ನ ಇಳದ್ರ ಈ ಗುಳಗಿ ಆಕಿ ಮೈ ತಡ್ಯಾಂಗಿಲ್ಲ. ನಿಲ್ಲಸಬೇಕಾಗ್ತೈತಿ. ನಿಲ್ಲಸಿದ್ರ ಮುಂದ ನನ್ನ ಕೈಯಾಗ ಏನೂ ಉಳ್ಯೂದಿಲ್ಲ. ಹೆಂಗರ ಮಾಡಿ ಉಣ್ಣಸ್ರಿ."

ಉಣ್ಣಿಸುವ ಕ್ರಮಗಳನ್ನೆಲ್ಲ ಮಾಡಿದೆ. ಗದರಿಸಿದೆ, ಚಮಚದಿಂದ ಕುಡಿಸಿದೆ, ಹೊತ್ತು ಬದಲಿಸಿದೆ. ಅಕ್ಕೋರು ನನಗೆ ಎದುರಾಡಲಿಲ್ಲ. ಬಾಯಿಗೆ ಹಾಕಿಕೊಂಡದ್ದನ್ನು ನಾನು ಹೋದ ಮೇಲೆ ಉಗುಳುತ್ತಿದ್ದರು. ಗುರುವಾರ ದೊಡ್ಡವ್ವನನ್ನು ಕೇಳಿದೆ.

"ಆಕೀಗೆ ಏನ ಸೇರತೈತಿ?"

"ಬಂದ ದಿವಸ ಹೇಳ್ಯಾರ್ರೀ. ಅವರವ್ವ ಮಾಡೂ ಒಣ ಖಂಡದ ಸಾರು. ನಾ ಅದನ್ನ ಯಾವಾಗೂ ಮಾಡಿಲ್ಲ, ಅದಕ್ಕ ಸುಮ್ಮನಿದ್ದೆ."

ತಾಯಿಗೆ ಹೇಳಿ ಕಳಿಸಿದೆವು. ಶನಿವಾರ ಭೇಟಿಯ ಹೊತ್ತಿಗೆ ಆಕೆ ಬಂದಳು. ಎರಡು ಬಸ್ಸು ಬದಲಿಸಿ, ಕಂಕುಳಲ್ಲಿ ಒಂದು ಅರಿವೆಯ ಗಂಟು. ಹೊರಗಿನ ತಿನಿಸು ವಾರ್ಡಿಗೆ ಬರಕೂಡದೆಂಬ ನಿಯಮ ನನ್ನದೇ. ಬೇಯಿಸದ ಸಾಮಾನು ಅಡುಗೆಮನೆಗೆ ಹೋಗಬಹುದೆಂದು ನಾನೇ ಒಂದು ದಾರಿ ಮಾಡಿಕೊಂಡೆ. ಗಂಟಿನಲ್ಲಿ ಬಿಸಿಲಿಗೆ ಒಣಗಿ ಕಟ್ಟಿಗೆಯಂತಾದ ಖಂಡದ ಉದ್ದುದ್ದ ಚೂರುಗಳಿದ್ದವು. ಅಡುಗೆಮನೆಯ ಬಾಗಿಲಲ್ಲಿ ತಾಯಿ ನಿಂತು ಹೇಳಿದಳು, ಒಳಗೆ ದೊಡ್ಡವ್ವ ಕೇಳಿದರು, ನಡುವೆ ನಾನು.

"ರಾತ್ರಿನs ನೀರಾಗ ಹಾಕ ಬ್ಯಾಡ್ರಿ ಯವ್ವಾ, ಮುಂಜಾನೆ ಹಂಚಿನ ಮ್ಯಾಲೆ ಬೆಚ್ಚಗ ಮಾಡಿ ಜಜ್ಜರಿ. ಉಳ್ಳಾಗಡ್ಡಿ ಕೆಂಡದಾಗ ಸುಡ್ರಿ. ಒಣ ಕೊಬ್ಬರಿನೂ ಸುಡ್ರಿ. ಖಾರ ಕೈ ತುಂಬ ಹಾಕ್ರಿ, ಅಂಜಬ್ಯಾಡ್ರಿ."

"ಖಾರಕ್ಕ ನಾ ಯಾಕ ಅಂಜಲಿ? ತಿನ್ನಾಕಿ ನಾ ಅಲ್ಲಲ್ಲ" ಎಂದರು ದೊಡ್ಡವ್ವ. ತಾಯಿ ನಕ್ಕಳು. ಆಮೇಲೆ ಮಗಳ ಹಾಸಿಗೆಯ ಹತ್ತಿರ ಹದಿನೈದು ನಿಮಿಷ ಕುಳಿತು, ಬಸ್ಸು ತಪ್ಪೀತೆಂದು ಎದ್ದು ಹೋದಳು. ಉಪ್ಪಿನ ಮಾತನ್ನು ಆಕೆ ಎತ್ತಲೇ ಇಲ್ಲ. ಎತ್ತಬೇಕೆಂದು ಆಕೆಗೆ ಹೊಳೆಯುವ ಕಾರಣವೂ ಇರಲಿಲ್ಲ. ತಿನ್ನುವ ಮನೆಗಳಲ್ಲಿ ಅದು ಕೂಸಿಗೂ ಗೊತ್ತು.

ಹೀಗೆ ಮತ್ತೆ ಆ ಭಾನುವಾರಕ್ಕೆ ಬಂದೆ. ಹನ್ನೊಂದಕ್ಕೆ ದೊಡ್ಡವ್ವ ಪಾತ್ರೆ ಇಳಿಸಿದರು. ಸುಟ್ಟ ಕೊಬ್ಬರಿಯ ಪರಿಮಳ ವಾರ್ಡಿನ ತುಂಬ ಹರಡಿತ್ತು. ಅಕ್ಕೋರು ಯಾರೂ ಹೇಳದೆ ಎದ್ದು ಕುಳಿತರು. ಮೂರು ವಾರದಲ್ಲಿ ಮೊದಲ ಸಲ ತಾವೇ ಕೈ ಚಾಚಿ ಬಟ್ಟಲು ತೆಗೆದುಕೊಂಡರು. ನಾನು ದೂರ ನಿಂತು ನೋಡಿದೆ. ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿ ಹೇಗೋ ನುಂಗಿದರು. ಇನ್ನೊಂದಕ್ಕೆ ಬಟ್ಟಲೆತ್ತಿದರು, ತುಟಿಯವರೆಗೆ ಬಂದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು. ಕಣ್ಣಲ್ಲಿ ನೀರು ತುಂಬಿತ್ತು.

"ಯಾಕ್ರಿ ಅಕ್ಕೋರ?" ದೊಡ್ಡವ್ವ ಓಡಿ ಬಂದರು.

"ಏನಿಲ್ಲ ದೊಡ್ಡವ್ವ. ಛಲೋ ಆಗೇತಿ. ಆಮ್ಯಾಲೆ ಕುಡೀತೇನಿ."

ಒಂಬತ್ತನೇ ಹಾಸಿಗೆಯ ಖಾಲಾ ಅಷ್ಟರಲ್ಲಿ ತನ್ನ ಬಟ್ಟಲನ್ನು ಬಾಯಿಗಿಟ್ಟಿದ್ದಳು. ಅವಳು ಯಾರ ಮುಲಾಜೂ ನೋಡುವವಳಲ್ಲ.

"ಯಾ ಅಲ್ಲಾ! ಇದು ಸಮುದ್ರ ಐತಿ! ದೊಡ್ಡವ್ವ, ಒಣ ಖಂಡಕ್ಕ ಮತ್ತ ಉಪ್ಪ ಹಾಕೀರೇನ?"

"ಹಾಕೇನಿ. ಸಿಸ್ಟರ ಕೊಟ್ಟ ಪುಡಿಕಿ ಪೂರಾ ಹಾಕೇನಿ."

"ಅಯ್ಯ, ಖಂಡ ಒಣಗಸೂದs ಉಪ್ಪ ಅರಿಷಿಣ ತಿಕ್ಕಿ! ಇಲ್ಲಾಂದ್ರ ಹುಳಾ ಬೀಳೂದಿಲ್ಲೇನು? ತೊಳಿಯಾಕ ಬೇಕು, ಮ್ಯಾಲೆ ಒಂದ ಹರಳೂ ಹಾಕಬಾರದು. ಒಬ್ಬಾಕೀಗೂ ಗೊತ್ತಿಲ್ಲ, ಇಬ್ಬರೂ ಕೂಡಿ ಖಂಡದ ಸಾರ ಮಾಡ್ಯಾರ ನೋಡ್ರಿ, ಶಾಣ್ಯಾರು!"

ವಾರ್ಡೆಲ್ಲ ನಕ್ಕಿತು. ಅಕ್ಕೋರು ನಗಲಿಲ್ಲ. ಮೆಲ್ಲಗೆ ಗೋಡೆಯ ಕಡೆಗೆ ಹೊರಳಿ ಮಲಗಿದರು. ಆ ಹೊರಳಿದ ಬೆನ್ನನ್ನು ನಾನು ಮರೆತಿಲ್ಲ. ಬೆಳಗಾದರೆ ಸೋಮವಾರ, ತೂಕದ ದಿನ. ಗಂಟಿನಲ್ಲಿದ್ದ ಖಂಡವೆಲ್ಲ ಆ ಪಾತ್ರೆಯಲ್ಲಿತ್ತು. ಒಂದು ಚೂರೂ ಉಳಿದಿರಲಿಲ್ಲ. ಅದರ ಮೇಲೆ ಉಪ್ಪು ತೂಗಿ ಕೊಟ್ಟ ಕೈ ನನ್ನದು. ಹತ್ತೂವರೆಗೆ ಒಂದೇ ಒಂದು ಗುಟುಕನ್ನು ಅಕ್ಕೋರು ನೋಡಿದ್ದರೆ ಹೇಳುತ್ತಿದ್ದರು, ತೊಳೆದು ಹೊಸ ನೀರು ಹಾಕುತ್ತಿದ್ದೆವು.

ದೊಡ್ಡವ್ವ ನನ್ನ ಕಡೆ ನೋಡಲೂ ಇಲ್ಲ. ಪಾತ್ರೆಯ ಅಂಚಿಗೆ ಎರಡೂ ಕೈಯಿಟ್ಟು ಅರೆ ನಿಮಿಷ ನಿಂತರು. ನಂತರ ತಲೆಯೆತ್ತಿದರು.

"ನೀರ ಹಾಕಿದ್ರ ತೆಳ್ಳಗಾಗ್ತೈತಿ. ನೀರ ಕುಡ್ಯೂವಂಥಾದ್ದು ಏನರ ಬೇಕು. ಉಪ್ಪಿಲ್ಲದ್ದು. ನಾ ಇವತ್ತ ಬಡದದ್ದು ಮೆತ್ತನ್ನ ರೊಟ್ಟಿ, ಹಾಕಿದ್ರ ಅಂಬಲಿ ಆಗ್ತೈತಿ. ಕಡಕ ರೊಟ್ಟಿ ಬೇಕು. ನಾಕ ದಿನದ್ದು."

ಜೋಳದ ಹಿಟ್ಟಿಗೆ ನಮ್ಮಲ್ಲಿ ಉಪ್ಪು ಹಾಕುವುದಿಲ್ಲ. ಒಣಗಿದ ಕಡಕ ರೊಟ್ಟಿ ಸಾರನ್ನು ಹೀರಿಕೊಂಡರೂ ಕರಗುವುದಿಲ್ಲ. ಮಾತು ಸರಿಯಾಗಿತ್ತು. ಆದರೆ ಅಡುಗೆಮನೆಯಲ್ಲಿ ಹಳೆಯ ರೊಟ್ಟಿ ಉಳಿಸಬಾರದೆಂದು ನಾನೇ ನಿಯಮ ಮಾಡಿದ್ದೆ.

ದೊಡ್ಡವ್ವ ವಾರ್ಡಿನ ನಟ್ಟನಡುವೆ ನಿಂತು ಹೇಳಿದರು. "ಯಾರ ಹಂತೇಕ ಕಡಕ ರೊಟ್ಟಿ ಅದಾವು, ತಗೀರಿ."

ಅಕ್ಕೋರನ್ನು ಬಿಟ್ಟು ಹದಿಮೂರು ಮುಖಗಳೂ ನನ್ನ ಕಡೆ ತಿರುಗಿದವು. ಹೊರಗಿನ ತಿನಿಸಿಗೆ ಈ ವಾರ್ಡಿನಲ್ಲಿ ಪೂರ್ಣ ನಿಷೇಧ. ಪ್ರತಿ ಬುಧವಾರ ನಾನು ಹಾಸಿಗೆ ತಪಾಸಣೆ ಮಾಡುತ್ತಿದ್ದೆ. ಒಂದು ತುಂಡು ರೊಟ್ಟಿಯೂ ಸಿಕ್ಕಿದ್ದಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು.

"ಸಿಸ್ಟರ," ಎಂದರು ದೊಡ್ಡವ್ವ, ಮೆಲುದನಿಯಲ್ಲಿ, "ನೀವು ಹತ್ತ ನಿಮಿಷ ಹೊರಗ ಗಾಳಿಗೆ ನಿಂದರ್ರಿ."

ಹೋಗಬಹುದಿತ್ತು. ಹೋಗಿದ್ದರೆ ನಿಯಮವೂ ಉಳಿಯುತ್ತಿತ್ತು, ರೊಟ್ಟಿಯೂ ಸಿಗುತ್ತಿತ್ತು. ಆದರೆ ಗೋಡೆಯ ಕಡೆ ಹೊರಳಿದ ಆ ಬೆನ್ನು ಕಾಣುತ್ತಿತ್ತು. ನಾನು ಬ್ಯಾಂಡೇಜಿನ ದೊಡ್ಡ ಟ್ರೇ ಖಾಲಿ ಮಾಡಿ, ಒರೆಸಿ, ಅದರ ಮೇಲೆ ಒಗೆದ ಅರಿವೆ ಹಾಸಿ ಒಂದನೇ ಹಾಸಿಗೆಯಿಂದ ಶುರು ಮಾಡಿದೆ.

"ತಗೀರಿ" ಎಂದೆ.

ಒಂದನೇ ಹಾಸಿಗೆಯವಳು ದಿಂಬಿನ ಚೀಲದೊಳಗೆ ಕೈ ಹಾಕಿ ನಾಲ್ಕು ರೊಟ್ಟಿ ತೆಗೆದಳು. ಎರಡನೆಯವಳು ಟ್ರಂಕಿನ ಸೀರೆಯ ಮಡಿಕೆಯಿಂದ ಆರು. ಮೂರನೆಯವಳು, "ನಮ್ಮತ್ತಿ ಬಡದದ್ದರಿ, ಅಂಚ ದಪ್ಪ ಅದಾವು, ಬಯ್ಯಬ್ಯಾಡ್ರಿ" ಎಂದಳು. ಬೈಗುಳ ಅಂಚಿಗೋ ರೊಟ್ಟಿಗೋ ತಿಳಿಯಲಿಲ್ಲ. ಎಲ್ಲರಿಗೂ ಮಾದರಿಯೆಂದು ನಾನು ತೋರಿಸುತ್ತಿದ್ದ ಏಳನೇ ಹಾಸಿಗೆಯವಳ ಹತ್ತಿರ ಹನ್ನೆರಡು ರೊಟ್ಟಿ, ಒಂದು ಡಬ್ಬಿ ಗುರೆಳ್ಳ ಹಿಂಡಿ. ಖಾಲಾ ತನ್ನದನ್ನು ಕೊಡುತ್ತ, "ಬುಧವಾರ ಬುಧವಾರ ಇವೆಲ್ಲಾ ನಿಮ್ಮ ಔಷಧದ ಕಪಾಟಿನ ಹಿಂದ ಹೋಗಿ ಕೂಡ್ತಿದ್ವು. ಅಲ್ಲಿ ನೀವು ನೋಡೂದಿಲ್ಲಲ್ಲ" ಎಂದಳು. ನಾನು ಟ್ರೇ ಮುಂದಕ್ಕೆ ಒಯ್ದೆ.

ಆರನೇ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಮಾಂಸದ ಪಾತ್ರೆ ಹಾದು ಹೋದರೆ ಸೆರಗು ಮುಚ್ಚಿಕೊಳ್ಳುವವಳು. ಸಾಲಿನಲ್ಲಿ ಅವಳನ್ನು ದಾಟಿ ಬಂದಿದ್ದೆ, ಕೇಳಬಾರದೆಂದು. ಅವಳೇ ಕರೆದಳು.

"ಸಿಸ್ಟರ, ನನ್ನ ಬಿಟ್ಟ ಹ್ವಾದ್ರಿ?"

"ನಿಮ್ಮದು ಬ್ಯಾಡಜ್ಜಿ. ಖಂಡದಾಗ ಹಾಕ್ತಾರ."

ಅಜ್ಜಿ ಹಾಸಿಗೆಯ ಕೆಳಗಿಂದ ಅರಿವೆ ಸುತ್ತಿದ ಐದು ಸಜ್ಜೆ ರೊಟ್ಟಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಸಂಕ್ರಾಂತಿಗೆ ಮಗಳು ಎಳ್ಳು ಹಚ್ಚಿ ಬಡಿದು ತಂದದ್ದು. ಸ್ವಲ್ಪ ಹೊತ್ತು ಅವುಗಳ ಮೇಲೆ ಅಂಗೈಯಾಡಿಸಿದಳು.

"ಹಾಕ್ರಿ. ನಾ ಏನ ತಿನ್ನಾಕ್ಯಲ್ಲ. ಆ ಸಾಲಿ ಹುಡುಗಿ ತಿಂತಾಳ."

ಟ್ರೇ ಅಡುಗೆಮನೆಗೆ ಹೋಯಿತು. ದೊಡ್ಡವ್ವ ತಮ್ಮ ಊಟಕ್ಕೆಂದು ಮೂಲೆಯಲ್ಲಿ ಮುಚ್ಚಿಟ್ಟುಕೊಂಡ ಒಂದು ಕಡಕ ರೊಟ್ಟಿಯನ್ನೂ ಅದರ ಮೇಲಿಟ್ಟರು. ಸಾರನ್ನು ಎರಡು ಪಾತ್ರೆಗೆ ಹಂಚಿ, ಬಿಸಿನೀರು ಬೆರೆಸಿ, ನಾವಿಬ್ಬರೂ ಎದುರುಬದುರು ಕುಳಿತು ರೊಟ್ಟಿ ಮುರಿದು ಹಾಕಿದೆವು. ಬಿಳಿ ಜೋಳದ್ದು, ಸಜ್ಜೆಯದು, ತೆಳ್ಳಗಿನದು, ಅತ್ತೆಯ ದಪ್ಪ ಅಂಚಿನದು. ಮನೆಯಲ್ಲಿ ಕಂಡರೆ ಎದ್ದು ಹೋಗುವ ಪಾತ್ರೆಯೊಳಗೆ ನನ್ನ ಬೆರಳುಗಳು ಆಡುತ್ತಿದ್ದವು. ಹೇಸಿಗೆ ಬಂತೋ ಇಲ್ಲವೋ ನೆನಪಿಲ್ಲ. ಹೊತ್ತು ಮಾತ್ರ ನೆನಪಿದೆ. ಹನ್ನೊಂದೂ ಮುಕ್ಕಾಲು.

ಹದವಾಯಿತೋ ಎಂದು ತಿಳಿಯುವ ಬಗೆ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ. ದೊಡ್ಡವ್ವ ಸೌಟು ಹಿಡಿದು ಕುಳಿತಿದ್ದರು. ನಾನು ವಾರ್ಡಿಗೆ ಹೋಗಿ ಹನ್ನೊಂದನೇ ನಂಬರಿನ ಬಟ್ಟಲು ತಂದೆ. ಎತ್ತರದಿಂದ ಸಾರು ಸುರುವಿಸಿಕೊಂಡೆ. ಆ ಬಟ್ಟಲು ತಿರುಗಿ ಒಲೆಯ ಹತ್ತಿರ ಬರಬೇಕಾಗಿರಲಿಲ್ಲ. ಮುಂದಿನ ಸಲಕ್ಕೆ ಬೇರೆ ಬಟ್ಟಲು. ಇಷ್ಟನ್ನು ಮೊದಲೇ ಯೋಚಿಸಿದ್ದರೆ ಆ ಮೂರು ವಾರ ಯಾರಿಗೂ ಬರುತ್ತಿರಲಿಲ್ಲ.

ಹಾಸಿಗೆಯ ಹತ್ತಿರ ನಿಂತು ಕರೆದೆ. "ಅಕ್ಕೋರ, ಏಳ್ರಿ. ಉಪ್ಪ ನೋಡ್ರಿ."

ಅವರು ಗೋಡೆಯ ಕಡೆಯಿಂದಲೇ ಹೇಳಿದರು. "ನೀವs ಬ್ಯಾಡ ಅಂದಿದ್ರಿ."

"ಅಂದಿದ್ದೆ. ತಪ್ಪಾತು. ನಮ್ಮಿಬ್ಬರಿಗೂ ಗೊತ್ತಾಗೂದಿಲ್ಲ. ನೀವs ಹೇಳಬೇಕು."

ಅವರು ಹೊರಳಿದರು. ನನ್ನ ಮುಖ ನೋಡಿದರು. ಎದ್ದು ಕೂತು ಬಟ್ಟಲು ತೆಗೆದುಕೊಂಡು ಒಂದು ಗುಟುಕು ಕುಡಿದರು. ಹುಬ್ಬು ಗಂಟಿಕ್ಕಿತು.

"ಇನ್ನ ನಾಕ ರೊಟ್ಟಿ ಹಿಡಸ್ತೈತಿ."

ಹಾಕಿದೆವು. ಎರಡನೆಯ ಬಟ್ಟಲು. "ಹುಣಸಿಹಣ್ಣ ಹಿಂಡ್ರಿ. ಸ್ವಲ್ಪ ಬೆಲ್ಲ." ಆಮೇಲೆ ಮೂರನೆಯ ಬಟ್ಟಲು. ಬೆರಳಿನಿಂದ ನೆನೆದ ರೊಟ್ಟಿಯ ಒಂದು ತುಂಡು ತೆಗೆದರು, ಅಗಿದರು. ಒಂದು ಚೂರು ಖಂಡ ತೆಗೆದು ಅಗಿದರು. ಬಾಗಿಲಲ್ಲಿ ದೊಡ್ಡವ್ವ ಸೌಟು ಹಿಡಿದು ನಿಂತಿದ್ದರು.

"ಪಾಸೋ ನಪಾಸೋ ಹೇಳ್ರಿ ಅಕ್ಕೋರ!" ಎಂದು ಖಾಲಾ ಕೂಗಿದಳು.

"ನಮ್ಮವ್ವನ ಸಾರಿನಂಗ ಆಗಿಲ್ಲ," ಎಂದರು ಅಕ್ಕೋರು, ಇನ್ನೊಂದು ತುಂಡು ತೆಗೆಯುತ್ತ, "ಆದ್ರ ಪಾಸು."

ಮೂರು ಬಟ್ಟಲು ಉಂಡರು. ಖಾಲಿಯಾದವನ್ನು ನಾನೇ ಎಣಿಸಿದೆ. ಉಗುಳುತ್ತಾರೇನೋ ಎಂದು ಎರಡು ಗಂಟೆಯವರೆಗೆ ಅಲ್ಲಿಯೇ ಸುಳಿದಾಡಿದೆ. ಅವರು ನಿದ್ದೆ ಹೋದರು. ಮಾರನೆಯ ದಿನ ತೂಕ ಏರಿರಲಿಲ್ಲ, ಇಳಿದೂ ಇರಲಿಲ್ಲ. ಡಾಕ್ಟರು ಗುಳಿಗೆ ನಿಲ್ಲಿಸಲಿಲ್ಲ. ಅಕ್ಕೋರು ತಮ್ಮ ಶಾಲೆಗೆ ಮರಳಲು ಇನ್ನೂ ಏಳು ತಿಂಗಳು ಬೇಕಾದವು.

ಆ ಭಾನುವಾರ ದೊಡ್ಡವ್ವನಿಗೆ ಊಟಕ್ಕೆ ಏನೂ ಉಳಿದಿರಲಿಲ್ಲ. ನನ್ನ ಡಬ್ಬಿಯಲ್ಲಿದ್ದ ಎರಡು ಚಪಾತಿಯಲ್ಲಿ ಒಂದನ್ನು ಕೊಟ್ಟೆ. ಅವರು ಅದನ್ನು ತಿರುವಿ ನೋಡಿ, "ಹಿಟ್ಟ ಇನ್ನ ಒಂದೀಟ ನಾದಬೇಕಿತ್ತರಿ" ಎಂದು ಹೇಳಿಯೇ ತಿಂದರು. ನಾನು ಕೆಲಸಕ್ಕೆ ಬಂದ ಮೇಲೆ ಅವರು ನನ್ನಲ್ಲಿ ತಪ್ಪು ತೋರಿಸಿದ್ದು ಅದೊಂದೇ ಸಲ.

ಸಂಜೆ ಐದೂ ಮುಕ್ಕಾಲಕ್ಕೆ, ಪಾಳಿ ಬದಲಾಗುವ ಮೊದಲು, ಮರುದಿನದ ಊಟದ ಪಟ್ಟಿ ಬರೆಯುವುದು ನನ್ನ ಕೆಲಸ. ಯಾವ ಹಾಸಿಗೆಗೆ ಏನೆಂದು ನಾನೇ ಬರೆದು ಬಿಡುತ್ತಿದ್ದೆ. ಅಂದು ಒಂದನೇ ಹಾಸಿಗೆಯಿಂದ ಕೇಳುತ್ತ ಹೊರಟೆ. ಹನ್ನೊಂದಕ್ಕೆ ಬಂದಾಗ ಅಕ್ಕೋರು ದಿಂಬಿಗೆ ಒರಗಿ ಕುಳಿತಿದ್ದರು.

"ನಾಳೆ ಏನ ಮಾಡಸಲ್ರಿ?"

"ಸಾರಿನ್ಯಾಗ ಒಂದ ತುಂಡಿಗೆ ಎಳ್ಳಿನ ರುಚಿ ಇತ್ತರಿ. ಅದು ಯಾರ ಮನೀದು?"

"ಆರನೇ ಹಾಸಿಗಿ ಅಜ್ಜೀದು. ಸಜ್ಜಿ ರೊಟ್ಟಿ."

"ಅಂಥಾದ್ದು ಬಿಸೀದು ಬಡೀತಾರೇನ ಕೇಳ್ರಿ. ಎರಡು."

ಬರೆದುಕೊಂಡೆ. ಪಟ್ಟಿಯನ್ನು ಅಡುಗೆಮನೆಗೆ ಒಯ್ದೆ. ದೊಡ್ಡವ್ವನಿಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ.

"ಹನ್ನೊಂದಕ್ಕ, ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಎರಡು."

"ಎಷ್ಟರಿ?"

"ಎರಡು."

"ಆಕೀನs ಕೇಳಿದಳೇನು?"

"ಆಕೀನs ಕೇಳಿದಳು."

ದೊಡ್ಡವ್ವ ಮೊರ ತೆಗೆದುಕೊಂಡು, ಡಬ್ಬಿಯ ತಳದಲ್ಲಿದ್ದ ಎಳ್ಳನ್ನು ಸುರುವಿಕೊಂಡು, ಕಿಟಕಿಯ ಬೆಳಕಿಗೆ ಸರಿದು ಕಸ ಆರಿಸಲು ಕುಳಿತರು. ನಾನು ಪಟ್ಟಿಗೆ ಸಹಿ ಹಾಕಿ ಮೊಳೆಗೆ ಸಿಗಿಸಿ, ಆರು ಗಂಟೆಗೆ ಸಂಜೆಯ ಸಿಸ್ಟರಿಗೆ ಬೀಗದ ಕೈ ಒಪ್ಪಿಸಿದೆ.